ಜೆಪ್ಪುವಿನ ಹಂಚು, ಹಾಲ್‌ನ ಹೊಲಿಗೆ ಮೆಷಿನ್

ಫಾದರ್‌ಗಳೇ, ಸಭಾಪಾಲಕರೇ, ಗುರ್ಕಾರರೇ, ಎಲ್ಲ ಬಂಧುಗಳೇ,

ಮೊದಲು ನಾವೇ ಮಾಡಿದ ಒಂದು ಎಡವಟ್ಟಿನ ಕಥೆ ಹೇಳಿಬಿಡುತ್ತೇನೆ. ಸುಮಾರು 15 ವರ್ಷದ ಹಿಂದೆ ನಾನು ಒಂದು ಚರ್ಚ್‌ನ ಪಾಲನಾ ಮಂಡಳಿಯಲ್ಲಿದ್ದೆ. ಯಾವ ಚರ್ಚ್ ಅಂತ ಕೇಳಬೇಡಿ. ಬಡವರಿಗೆ ಏನಾದರೂ ಮಾಡಬೇಕು ಅಂತ ತೀರ್ಮಾನವಾಯಿತು. ಫಾರ್ಮ್ ಹಿಡಿದುಕೊಂಡು ಮನೆ ಮನೆ ಸುತ್ತಿದೆವು. ‘ನಿಮಗೆ ಏನು ಇಲ್ಲ?’ ಅಂತ ಕೇಳಿದೆವು. ಹಾಗೆ ಕೇಳಿದರೆ ಯಾರು ತಾನೇ ‘ಎಲ್ಲ ಇದೆ’ ಅಂತಾರೆ? ಪಟ್ಟಿ ಉದ್ದವಾಯಿತು. ಹೊರಗಿನ ದಾನಿಗಳಿಂದ 12 ಹೊಲಿಗೆ ಮೆಷಿನ್ ಬಂದವು. ಫೋಟೊ ತೆಗೆದೆವು, ಚಹಾ ಕುಡಿದೆವು.

ಆರು ತಿಂಗಳಲ್ಲಿ ಮೆಷಿನ್‌ಗಳ ಮೇಲೆ ಧೂಳು. ಆ ಹೆಂಗಸರು ಬೀಡಿ ಕಟ್ಟುವವರು. ಮನೆ ಜಗಲಿಯಲ್ಲಿ ಸೂಪು, ಅಂದರೆ ಮೊರ, ಇಟ್ಟುಕೊಂಡು ಕೂತರೆ ಬೀಡಿ ಕಂಪೆನಿಯ ಬ್ರಾಂಚ್‌ಗೆ ಲೆಕ್ಕ ಒಪ್ಪಿಸುವವರೆಗೆ ಏಳುವ ಹಾಗಿಲ್ಲ. ಅವರು ಮಧ್ಯಾಹ್ನ ಮೂರು ಗಂಟೆಗೆ ಚರ್ಚ್ ಹಾಲ್‌ಗೆ ಬಂದು ಹೊಲಿಗೆ ಕಲಿಯುವುದು ಯಾವಾಗ? ನಮಗೆ ಅದು ಹೊಳೆಯಲೇ ಇಲ್ಲ. ಅವರ ಬೆರಳಿನ ಚುರುಕು ಕಣ್ಣೆದುರಿಗೇ ಇತ್ತು. ನಮ್ಮ ಫಾರ್ಮ್‌ನಲ್ಲಿ ಅದಕ್ಕೆ ಕಾಲಮ್ ಇರಲಿಲ್ಲ.

ಇದನ್ನು ಯೋಚಿಸುವಾಗೆಲ್ಲ ನನಗೆ ಮಂಗಳೂರಿನ ಜೆಪ್ಪುವಿನ ಹಂಚು ನೆನಪಾಗುತ್ತದೆ. ಹಳೆ ಮನೆ ಕೆಡವುವಾಗ ಒಂದು ಹಂಚು ತಿರುವಿ ನೋಡಿ. ಕೆಲವದರ ಮೇಲೆ ಬಾಸೆಲ್ ಮಿಷನ್ ಅಂತ, 1865 ಅಂತ ಅಚ್ಚು ಇರುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅವರ ಸಭೆಗೆ ಸೇರಿದವರ ಪಾಡು ಸುಲಭದ್ದಾಗಿರಲಿಲ್ಲ. ಜಾತಿ ಬಿಟ್ಟರೆ ಮನೆಯೂ ಹೋಗುತ್ತಿತ್ತು, ಗೇಣಿ ಗದ್ದೆಯೂ ಹೋಗುತ್ತಿತ್ತು. ಶೇಂದಿ ಇಳಿಸುತ್ತಿದ್ದವರಿಗೆ ಆ ಕೆಲಸ ಮಾಡಬೇಡಿ ಅಂತ ಮಿಷನ್ನೇ ಹೇಳಿತು. ಹಾಗಾದರೆ ಹೊಟ್ಟೆಗೆ? ದಾನ ಕೊಡುತ್ತಾ ಎಷ್ಟು ದಿನ ಸಾಕಲು ಸಾಧ್ಯ? ಮುದ್ರಣಾಲಯ ಬಂತು, ನೇಯ್ಗೆ ಬಂತು. ಎಲ್ಲರಿಗೂ ಅದರಲ್ಲೇ ಕೆಲಸ ಸಿಗುವ ಹಾಗಿರಲಿಲ್ಲ.

ಆಗ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಕಾಲಡಿಯ ಮಣ್ಣು ನೋಡಿದರು. ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಒಳ್ಳೆ ಜೇಡಿ ಮಣ್ಣು ಇತ್ತು. ಮಡಕೆ ಮಾಡುವವರಿಗೆ ಅದರ ಗುಣ ತಲೆಮಾರಿನಿಂದ ಗೊತ್ತು. ಸುಡಲು ಘಟ್ಟದ ಕಡೆಯ ಸೌದೆ, ಸಾಗಿಸಲು ಹೊಳೆ, ಆಚೆಗೆ ಕಳಿಸಲು ಬಂದರು. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹಂಚಿನ ವಿನ್ಯಾಸ ಯುರೋಪಿನದು, ಮಣ್ಣು, ಸೌದೆ, ದುಡಿಯುವ ಕೈ ಇಲ್ಲಿಯವೇ. ನಮ್ಮ ಮಳೆಗೆ ಹುಲ್ಲಿನ ಮಾಡು ವರ್ಷ ವರ್ಷ ಹೊದೆಸಬೇಕಾಗುತ್ತಿತ್ತಲ್ಲ, ಹಾಗಾಗಿ ಕೊಳ್ಳುವವರಿಗೂ ಬರವಿರಲಿಲ್ಲ. ಮುಂದೆ ಊರಿನವರೇ ಹತ್ತಾರು ಕಾರ್ಖಾನೆ ಹಾಕಿದರು. ಮಂಗಳೂರು ಹಂಚು ಅಂದರೆ ಕಡಲಾಚೆಗೂ ಗೊತ್ತಾಯಿತು.

ಇದು ಬರೀ ಹೊಗಳುವ ಕಥೆ ಅಲ್ಲ. ಅಲ್ಲಿ ಸಂಬಳ ಕೊಡುವವರೂ ಮಿಷನ್‌ನವರೇ, ಪ್ರಾರ್ಥನೆ ಮಾಡಿಸುವವರೂ ಅವರೇ. ಧಣಿಯೂ ಪಾದ್ರಿಯೂ ಒಬ್ಬರೇ ಆದರೆ ಕೆಲಸಗಾರ ಬಾಯಿ ಬಿಡುವುದು ಕಷ್ಟ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಆ ಕಾರ್ಖಾನೆಗಳನ್ನು ಕಿತ್ತುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಗೆ ಹೋದವು. ಮಣ್ಣು ಊರಿನದು, ಕೈ ಊರಿನದು, ಯಜಮಾನಿಕೆ ಮಾತ್ರ ಊರಿನದಾಗಿರಲಿಲ್ಲ. ಹಾಗಾಗಿ ಒಂದು ಕಾಗದದಲ್ಲಿ ಎಲ್ಲ ಕೈ ಬದಲಾಯಿತು.

ಇದರ ಪಕ್ಕಕ್ಕೆ 1912 ಇಟ್ಟು ನೋಡಿ. ಮಂಗಳೂರಿನ ಕೆಥೊಲಿಕರು ತಮ್ಮದೇ ಸಹಕಾರಿ ಬ್ಯಾಂಕ್ ಕಟ್ಟಿದರು, ಈಗ ನಾವು ಎಂಸಿಸಿ ಬ್ಯಾಂಕ್ ಅನ್ನುವುದು ಅದನ್ನೇ. ಹಣ ಸದಸ್ಯರದು, ಓಟೂ ಸದಸ್ಯರದು. ಒಬ್ಬರ ಉಳಿತಾಯ ಇನ್ನೊಬ್ಬರ ಸಾಲ. ಈ ದಾರಿ ನನಗೆ ಜಾಸ್ತಿ ಇಷ್ಟ.

ಈಗ ನಮ್ಮ ದಿನಗಳಿಗೆ ಬರೋಣ. ನಮ್ಮ ವಾಡೊಗಳಲ್ಲಿ, ಅಂದರೆ ಚರ್ಚ್‌ನ ವಾರ್ಡ್‌ಗಳಲ್ಲಿ, ಸಂಜೆ ಒಂದು ಸುತ್ತು ಹೋಗಿ. ದೊಡ್ಡ ದೊಡ್ಡ ಮನೆ, ಒಳಗೆ ಇಬ್ಬರೇ ಮುದುಕರು. ಕೆಲವು ಕಡೆ ಒಬ್ಬರೇ. ಮಕ್ಕಳು ದುಬೈ, ಕುವೈತ್, ಕೆನಡಾ. ದುಡ್ಡು ಬರುತ್ತದೆ. ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದರೆ ಎತ್ತಲು ಮಾತ್ರ ಯಾರೂ ಇಲ್ಲ. ತಕ್ಷಣ ನಾವೇನು ಅನ್ನುತ್ತೇವೆ? ‘ವೃದ್ಧಾಶ್ರಮ ಕಟ್ಟೋಣ, ದೇಣಿಗೆ ಎತ್ತೋಣ.’ ಮತ್ತೆ ಅದೇ ಫಾರ್ಮ್!

ಅದೇ ಬೀದಿಯಲ್ಲಿ ಇನ್ನೊಂದು ಮನೆ ಇದೆ, ನೋಡಿ. ಇಸ್ರೇಲಿನಲ್ಲಿ ವರ್ಷಗಟ್ಟಲೆ ವೃದ್ಧರನ್ನು ನೋಡಿಕೊಂಡು ಊರಿಗೆ ಬಂದವರು ನಮ್ಮ ಕರಾವಳಿಯಲ್ಲಿ ಎಷ್ಟು ಜನ ಇದ್ದಾರೆ ಅಲ್ವಾ? ಹಾಸಿಗೆ ಹಿಡಿದವರನ್ನು ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸುವುದು, ಮರೆವಿನ ಕಾಯಿಲೆಯವರ ಹತ್ತಿರ ಸಿಟ್ಟಾಗದೆ ಮಾತಾಡುವುದು ಅವರಿಗೆ ಚೆನ್ನಾಗಿ ಗೊತ್ತು. ಗಲ್ಫ್‌ನ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ನರ್ಸ್‌ಗಳೂ ಇದ್ದಾರೆ. ಅವರನ್ನು ನಾವು ಕರೆಯುವುದು ಫೆಸ್ತ್‌ಗೆ, ಅಂದರೆ ಚರ್ಚ್ ಹಬ್ಬಕ್ಕೆ, ದೇಣಿಗೆ ಕೇಳಲು ಮಾತ್ರ. ‘ವಾರಕ್ಕೆ ಎರಡು ಗಂಟೆ ನಾಲ್ಕು ಹುಡುಗ ಹುಡುಗಿಯರಿಗೆ ಕಲಿಸಿಕೊಡಿ’ ಅಂತ ಯಾರಾದರೂ ಕೇಳಿದ್ದೇವಾ?

ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಕೈಯಲ್ಲಿ ಯಾವ ವಿದ್ಯೆ ಇದೆ ಅಂತ ವಾಡೊದ ಮುಖಂಡರಾದ ಗುರ್ಕಾರರಿಗೆ ಗೊತ್ತಿರುತ್ತದೆ. ಈ ವ್ಯವಸ್ಥೆ ನಮಗೆ ಹಿರಿಯರಿಂದ ಬಂದ ಆಸ್ತಿ. ನಾವು ಅದನ್ನು ನೋಟಿಸ್ ಹಂಚಲು, ವಂತಿಗೆ ಎತ್ತಲು ಬಳಸಿ ಸವೆಸಿದ್ದೇವೆ. ಹಾಲ್ ವಾರದಲ್ಲಿ ಐದು ದಿನ ಬೀಗ ಹಾಕಿಕೊಂಡಿರುತ್ತದೆ. ಫೆಸ್ತ್‌ನ ದೊಡ್ಡ ಕೊಪ್ಪರಿಗೆಗಳು ವರ್ಷಕ್ಕೆ ಎರಡೋ ಮೂರೋ ಸಲ ಒಲೆ ಕಾಣುತ್ತವೆ.

ಇನ್ನು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಮೇರಿ ಮಾತೆಯ ಹುಟ್ಟುಹಬ್ಬ. ಹೊಸ ತೆನೆ ಆಶೀರ್ವದಿಸಿ ಮನೆ ಮನೆಗೆ ಕೊಡುತ್ತೇವೆ, ಹೊಸ ಅಕ್ಕಿ ಊಟ ಮಾಡುತ್ತೇವೆ. ಈಗ ಆ ತೆನೆಗೇ ಗದ್ದೆ ಹುಡುಕಿಕೊಂಡು ಹೋಗುವ ಹಾಗಾಗಿದೆ. ಚರ್ಚ್ ಪಕ್ಕದಲ್ಲೇ ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆ ಇರುತ್ತದೆ. ಭತ್ತದ ನೇಜಿ ನೆಡಲು ಗೊತ್ತಿರುವ ಹೆಂಗಸರು ಇನ್ನೂ ಇದ್ದಾರೆ. ಹತ್ತು ವರ್ಷ ಬಿಟ್ಟು ಹುಡುಕಿದರೆ ಸಿಗುವುದಿಲ್ಲ. ಗದ್ದೆಗೆ ಇಳಿಯುವುದಾದರೆ ಪಕ್ಕದ ಮನೆಯ ಹಿಂದೂ, ಬ್ಯಾರಿ ಮುಸ್ಲಿಂ ನೆರೆಯವರನ್ನೂ ಕರೆಯಿರಿ. ಬೇಸಾಯ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರಬಹುದು. ಅಕ್ಕಿಯಲ್ಲಿ ಅವರಿಗೂ ಪಾಲು ಇರಲಿ.

ಫಾದರ್‌ಗಳಿಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಇಂಥ ಕೆಲಸ ಶುರುವಾದ ಮೇಲೆ ಲೆಕ್ಕದ ಪುಸ್ತಕ ನಿಮ್ಮ ಬಂಗಲೆಯಲ್ಲಿ ಇರುವುದು ಬೇಡ. ನಿಮಗೆ ವರ್ಗಾವಣೆ ಆಗುತ್ತದೆ. ಹೊಸಬರಿಗೆ ಬೇರೆ ಕೆಲಸದ ಮೇಲೆ ಮನಸ್ಸಿರುತ್ತದೆ. ಪುಸ್ತಕ ವಾಡೊದಲ್ಲಿದ್ದರೆ ಕೆಲಸ ನಿಲ್ಲುವುದಿಲ್ಲ.

ಈಗ ನಿಮ್ಮ ಕೈಗೆ ಒಂದೊಂದು ಖಾಲಿ ಹಾಳೆ ಬರುತ್ತದೆ. ಏನು ಬೇಕು ಅಂತ ಬರೆಯಬೇಡಿ. ನಿಮ್ಮ ಬೀದಿಯ ಹತ್ತು ಮನೆಯವರಿಗೆ ಏನೇನು ಮಾಡಲು ಬರುತ್ತದೆ ಅಂತ ಬರೆಯಿರಿ. ಮೀನು ಒಣಗಿಸುವುದು, ವಯರಿಂಗ್, ಮಲ್ಲಿಗೆ ಕಟ್ಟುವುದು, ಬ್ಯಾಂಕ್ ಫಾರ್ಮ್ ತುಂಬುವುದು, ಏನಿದ್ದರೂ ಆದೀತು. ಐದನೇ ಮನೆಗೇ ಪೆನ್ನು ನಿಂತರೆ ನಾಚಿಕೊಳ್ಳಬೇಡಿ, ನನ್ನದು ಮೂರಕ್ಕೇ ನಿಂತಿತ್ತು.

ಅಂದ ಹಾಗೆ, ಆ 12ರಲ್ಲಿ ಎರಡು ಮೆಷಿನ್ ಇನ್ನೂ ಹಾಲ್‌ನಲ್ಲೇ ಇವೆ. ಹೊಲಿಗೆ ಬರುವವರು ನಿಮ್ಮ ಕಡೆ ಇದ್ದರೆ ಊಟದ ಹೊತ್ತಿಗೆ ನನ್ನನ್ನು ಕಾಣಿ. ಟೆಂಪೊ ಬಾಡಿಗೆ ಮಾತ್ರ ನಿಮ್ಮದು.