ಸೈಕಲ್ ಸವಾರನ ದೇಹದ ಮಿತಿ ಮತ್ತು ಉದ್ದೀಪನ ಮದ್ದು

ಮಾನ್ಯ ಸಭಿಕರೇ,

ವೃತ್ತಿಪರ ಸೈಕ್ಲಿಂಗ್‌ನಲ್ಲಿ ಉದ್ದೀಪನ ಮದ್ದಿನ ಮಾತು ಬಂದೊಡನೆ ಅಮೆರಿಕದ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಹೆಸರು ಮುಂದೆ ಬರುತ್ತದೆ. ಈ ಇತಿಹಾಸವನ್ನು ಒಬ್ಬನ ವಂಚನೆಯ ಕಥೆಯಾಗಿ ಓದಿದರೆ ಮುಖ್ಯ ಸಂಗತಿ ಕೈತಪ್ಪುತ್ತದೆ. ಸವಾರನ ದೇಹ ಸೋಲುವುದು ಎಲ್ಲಿ ಎಂಬ ತಿಳಿವಳಿಕೆ ಬದಲಾದಂತೆ ಮದ್ದೂ ಬದಲಾಗುತ್ತ ಬಂದಿದೆ ಎಂಬುದು ನನ್ನ ವಾದ.

ಟೂರ್ ಡಿ ಫ್ರಾನ್ಸ್ ಇಂದು 21 ಹಂತಗಳ, ಸುಮಾರು 3,400 ಕಿ.ಮೀ. ದೂರದ ಪಂದ್ಯ, ನಡುವೆ ಸಾಮಾನ್ಯವಾಗಿ ಎರಡೇ ದಿನ ಬಿಡುವು. ಸಮತಟ್ಟಾದ ರಸ್ತೆಯಲ್ಲಿ ಮುಂದಿನವನ ಬೆನ್ನ ಹಿಂದೆ ಗಾಳಿಮರೆಯಲ್ಲಿ ಸಾಗಿ ಶಕ್ತಿ ಉಳಿಸಿಕೊಳ್ಳಬಹುದು. ಆದರೆ ಆಲ್ಪ್ ದ್ಯುಯೆಜ್‌ನಂಥ ಕಡೆ, ನೂರು ಮೀಟರಿಗೆ ಸರಾಸರಿ ಎಂಟು ಮೀಟರಿನಂತೆ ಸುಮಾರು 14 ಕಿ.ಮೀ. ಏರುವಾಗ, ಆ ಮರೆಯ ಉಪಯೋಗ ಬಹಳ ಕಡಿಮೆ. ಅಲ್ಲಿ ನಿರ್ಣಾಯಕವಾಗುವುದು ನಿಮಿಷಕ್ಕೆ ಎಷ್ಟು ಆಮ್ಲಜನಕ ಸ್ನಾಯುಗಳಿಗೆ ತಲುಪುತ್ತದೆ ಎಂಬುದು. ಅಗ್ರ ಸವಾರರ ದೇಹ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 80 ಮಿ.ಲೀ. ಆಮ್ಲಜನಕ ಬಳಸಬಲ್ಲದು, ಸಾಮಾನ್ಯ ಯುವಕನದು ಹೆಚ್ಚುಕಡಿಮೆ ಅದರ ಅರ್ಧ. ಇಂಥವರ ಸ್ನಾಯುಗಳು ಇನ್ನಷ್ಟು ಆಮ್ಲಜನಕವನ್ನು ಬಳಸಲು ಸಿದ್ಧವಿದ್ದರೂ ರಕ್ತ ಅಷ್ಟನ್ನು ಹೊತ್ತು ತರಲಾರದು.

ಹಳಬರಿಗೆ ಈ ಲೆಕ್ಕ ತಿಳಿದಿರಲಿಲ್ಲ. ಅವರು ಬಲ್ಲದ್ದು ನೋವು ಮತ್ತು ನಿದ್ದೆ. 1924ರಲ್ಲಿ ಟೂರ್‌ನಿಂದ ಅರ್ಧಕ್ಕೇ ಹಿಂದೆ ಸರಿದ ಪೆಲಿಸಿಯೆ ಸಹೋದರರು ಪತ್ರಕರ್ತ ಆಲ್ಬೇರ್ ಲೋಂದ್ರ್ ಎದುರು ತಮ್ಮ ಚೀಲ ಬಿಚ್ಚಿ, ಕಣ್ಣಿಗೆ ಕೊಕೇನ್, ಒಸಡಿಗೆ ಕ್ಲೋರೋಫಾರ್ಮ್ ಎಂದು ತೋರಿಸಿದರು. (ಪತ್ರಕರ್ತನನ್ನು ಸ್ವಲ್ಪ ಆಟವಾಡಿಸಿದೆವು ಎಂದು ಅವರಲ್ಲೊಬ್ಬರು ಮುಂದೆ ಹೇಳಿದ್ದೂ ಉಂಟು.) ಬಳಿಕ ಆಂಫೆಟಮೈನ್ ಎಂಬ ಉತ್ತೇಜಕ ಮದ್ದು ಬಂತು. 1967ರ ಜುಲೈ 13ರಂದು, ಸುಡುಬಿಸಿಲಿನಲ್ಲಿ, ಬ್ರಿಟನ್ನಿನ ಟಾಮ್ ಸಿಂಪ್ಸನ್ ಮಾಂ ವಾಂತು ಪರ್ವತದ ತುದಿಗೆ ಸ್ವಲ್ಪ ಕೆಳಗೆ ಬಿದ್ದರು. ಎದ್ದು ಮತ್ತೆ ಸೈಕಲ್ ಏರಿದರು. ಮತ್ತೆ ಕುಸಿದವರು ಬದುಕಲಿಲ್ಲ. ಅವರ ಅಂಗಿಯ ಜೇಬಿನಲ್ಲೂ ದೇಹದಲ್ಲೂ ಆಂಫೆಟಮೈನ್ ಸಿಕ್ಕಿತು. ಬಿಸಿಲಿಗೆ ಬಸವಳಿದ ದೇಹ ಸಾಕೆಂದು ಕೊಡುವ ಸೂಚನೆಯನ್ನು ಆ ಮದ್ದು ಸವಾರನಿಗೆ ಮುಟ್ಟಗೊಡುವುದಿಲ್ಲ.

ಮೂತ್ರಪಿಂಡ ಕೆಟ್ಟು ರಕ್ತಹೀನತೆಯಿಂದ ನರಳುವವರಿಗಾಗಿ 1980ರ ದಶಕದಲ್ಲಿ ಸಿದ್ಧವಾದ ಇಪಿಒ ಎಂಬ ಹಾರ್ಮೋನು ಪಂದ್ಯದ ಸ್ವರೂಪವನ್ನೇ ಬದಲಿಸಿತು. ಅದು ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಅಂದರೆ ನೋವನ್ನು ಮರೆಸುವ ಬದಲು ಮಿತಿಯನ್ನೇ ಸರಿಸುತ್ತದೆ. ಅದನ್ನು ಪತ್ತೆಹಚ್ಚುವ ಪರೀಕ್ಷೆ ಆಗ ಇರಲಿಲ್ಲವಾದ್ದರಿಂದ, ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇ 50 ಮೀರಿದವರನ್ನು ಎರಡು ವಾರ ಪಂದ್ಯದಿಂದ ಹೊರಗಿಡುವ ನಿಯಮವನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1997ರಲ್ಲಿ ತಂದಿತು. ತಂಡಗಳು ಈ ಮಿತಿಯನ್ನೇ ಗುರಿಯಾಗಿಸಿಕೊಂಡವು. ಹೋಟೆಲ್ ಕೋಣೆಯಲ್ಲಿ ಪುಟ್ಟ ಯಂತ್ರದಲ್ಲಿ ರಕ್ತ ತಿರುಗಿಸಿ ಅಳೆಯುವುದು, ಹೆಚ್ಚಿದ್ದರೆ ಸಲೈನ್ ಏರಿಸಿ ತೆಳುಮಾಡುವುದು ರೂಢಿಯಾಯಿತು. 1998ರಲ್ಲಿ ಫೆಸ್ಟಿನಾ ತಂಡದ ಕಾರು ಬೆಲ್ಜಿಯಂ–ಫ್ರಾನ್ಸ್ ಗಡಿಯಲ್ಲಿ ಮದ್ದಿನ ಸಮೇತ ಸಿಕ್ಕಿಬಿದ್ದಾಗ ಗುಟ್ಟು ಬಯಲಾಯಿತು. ಅದನ್ನು ಹಿಡಿದದ್ದು ಕಸ್ಟಮ್ಸ್ ಅಧಿಕಾರಿಗಳೇ ಹೊರತು ಕ್ರೀಡಾಡಳಿತವಲ್ಲ ಎಂಬುದು ಗಮನಾರ್ಹ. 1999ರಿಂದ 2005ರವರೆಗಿನ ಆರ್ಮ್‌ಸ್ಟ್ರಾಂಗ್‌ರ ಏಳು ಟೂರ್ ಪ್ರಶಸ್ತಿಗಳು ರದ್ದಾದದ್ದು 2012ರಲ್ಲಿ. ಅಲ್ಲಿಯೂ ಪ್ರಯೋಗಾಲಯಕ್ಕಿಂತ ಸಹಸವಾರರ ಸಾಕ್ಷ್ಯವೇ ಹೆಚ್ಚು ಕೆಲಸ ಮಾಡಿತು.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 2008ರಲ್ಲಿ ಜಾರಿಗೆ ಬಂದ ಜೈವಿಕ ಪಾಸ್‌ಪೋರ್ಟ್. ಅದು ಮದ್ದನ್ನು ಹುಡುಕುವುದಿಲ್ಲ. ಒಬ್ಬನದೇ ರಕ್ತವನ್ನು ವರ್ಷಗಟ್ಟಲೆ ಅಳೆದು ಅದರ ಏರಿಳಿತವನ್ನು ನೋಡುತ್ತದೆ. ತನ್ನದೇ ರಕ್ತ ತೆಗೆಸಿಟ್ಟು ಪಂದ್ಯದ ಹೊತ್ತಿಗೆ ಮರಳಿ ಏರಿಸಿಕೊಂಡವನಲ್ಲಿ ಹಿಮೊಗ್ಲೋಬಿನ್ ಹೆಚ್ಚಿ, ಎಳೆಯ ರಕ್ತಕಣಗಳ ಪ್ರಮಾಣ ಇಳಿಯುತ್ತದೆ, ಏಕೆಂದರೆ ರಕ್ತ ಸಾಕಷ್ಟಿದೆಯೆಂದು ದೇಹ ಉತ್ಪಾದನೆಯನ್ನು ತಗ್ಗಿಸಿರುತ್ತದೆ. ಎಳೆಯ ಕಣಗಳ ಈ ಇಳಿತ ಕಾಣದಿರಲೆಂದು ಕೆಲವರು ರಾತ್ರಿ ಅತ್ಯಲ್ಪ ಪ್ರಮಾಣದ ಇಪಿಒವನ್ನು ರಕ್ತನಾಳಕ್ಕೇ ಚುಚ್ಚಿಕೊಂಡರು, ಬೆಳಗಾಗುವಷ್ಟರಲ್ಲಿ ಅದರ ಕುರುಹು ಉಳಿಯದಿರಲೆಂದು. ಇಂಥದ್ದನ್ನು ಹಿಡಿಯಲು ಮುನ್ಸೂಚನೆಯಿಲ್ಲದ ಪರೀಕ್ಷೆ ಬೇಕು. ಅದಕ್ಕಾಗಿ ಇಂದು ಅಗ್ರ ಸವಾರನೊಬ್ಬ ತಾನು ಪ್ರತಿದಿನ ಎಲ್ಲಿರುತ್ತೇನೆ, ಯಾವ ಒಂದು ಗಂಟೆ ಪರೀಕ್ಷಕರಿಗೆ ಖಚಿತವಾಗಿ ಸಿಗುತ್ತೇನೆ ಎಂದು ಮುಂಚಿತವಾಗಿ ತಿಳಿಸಬೇಕು. ಹನ್ನೆರಡು ತಿಂಗಳಲ್ಲಿ ಮೂರು ಬಾರಿ ಇದರಲ್ಲಿ ತಪ್ಪಿದರೆ, ದೇಹದಲ್ಲಿ ಏನೂ ಸಿಗದಿದ್ದರೂ ನಿಷೇಧಕ್ಕೆ ಒಳಗಾಗುತ್ತಾನೆ.