ಕಿಡ್ನಿ ಕೆಟ್ಟರೆ ನೋಯುವುದಿಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಸೊಂಟ ಹಿಡಿದುಕೊಂಡು ಬರುವವರಲ್ಲಿ ದಿನಕ್ಕೊಬ್ಬರಾದರೂ ಕೇಳುತ್ತಾರೆ: "ಡಾಕ್ಟ್ರೇ, ಕಿಡ್ನಿ ಏನಾದ್ರೂ ಹೋಗಿದ್ಯಾ?" ಹೆಚ್ಚಿನ ಸಲ ಅದು ಬರೀ ಸ್ನಾಯು ಹಿಡಿದಿರುವುದು. ಕಿಡ್ನಿಯಲ್ಲಿ ಕಲ್ಲಿದ್ದರೆ, ಸೋಂಕಾದರೆ ನೋವು ಬರುತ್ತದೆ, ನಿಜ. ಆದರೆ ಸಕ್ಕರೆ ಕಾಯಿಲೆಯಿಂದಲೋ ಬಿಪಿಯಿಂದಲೋ ನಿಧಾನಕ್ಕೆ ಕೆಡುವ ಕಿಡ್ನಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಅದಕ್ಕೇ ಜನ ತಡವಾಗಿ ಬರುತ್ತಾರೆ.

ಒಬ್ಬರು ನಿವೃತ್ತ ಮೇಷ್ಟ್ರು ಬಂದಿದ್ದರು. ಸಂಜೆಯಾದರೆ ಚಪ್ಪಲಿ ಬಿಗಿಯಾಗುತ್ತದೆ ಅನ್ನುವುದೊಂದೇ ದೂರು. ಚಪ್ಪಲಿ ತೆಗೆಸಿ ನೋಡಿದೆ. ಪಟ್ಟಿ ಕೂತ ಜಾಗ ಗೆರೆ ಬಿದ್ದಿತ್ತು. ಕಾಲ್ಗಂಟಿನ ಮೇಲ್ಗಡೆ ಮೂಳೆಗೆ ಹೆಬ್ಬೆರಳು ಒತ್ತಿ ತೆಗೆದರೆ, ಚಪಾತಿ ಹಿಟ್ಟಿನ ಮೇಲೆ ಒತ್ತಿದ ಹಾಗೆ ಗುಳಿ ಹಾಗೇ ನಿಂತಿತು. "ಮೂತ್ರದಲ್ಲಿ ನೊರೆ ಬರ್ತಿದ್ಯಾ ಸಾರ್?" ಅಂದೆ. ಅವರು ಹೆಂಡತಿಯ ಮುಖ ನೋಡಿದರು. "ಒಂದು ವರ್ಷದಿಂದ ಇದೆ. ಬಾತ್‌ರೂಮ್ ತೊಳೆಯೋ ಪೌಡರ್‌ದು ಅಂದ್ಕೊಂಡಿದ್ವಿ" ಅಂದರು ಆಕೆ.

ಮೇಷ್ಟ್ರಿಗೆ ಹತ್ತು ವರ್ಷದಿಂದ ಶುಗರ್. ಮೂರು ತಿಂಗಳಿಗೊಮ್ಮೆ ರಕ್ತ ಕೊಡುವುದನ್ನು ತಪ್ಪಿಸಿದವರಲ್ಲ. ಮೂತ್ರ ಮಾತ್ರ ಒಮ್ಮೆಯೂ ಪರೀಕ್ಷೆ ಆಗಿರಲಿಲ್ಲ.

ಜೋರಾಗಿ ಹೋದಾಗ ಎಲ್ಲರಿಗೂ ಒಂದಿಷ್ಟು ಗುಳ್ಳೆ ಬರುತ್ತದೆ, ಕೂಡಲೇ ಒಡೆದುಹೋಗುತ್ತದೆ. ಅದಕ್ಕೆ ಹೆದರಬೇಡಿ. ಸೋಪಿನ ಪುಡಿ ಕದಡಿದ ಹಾಗೆ ನೊರೆ ಕಟ್ಟಿ, ಒಂದು ಚೊಂಬು ನೀರು ಸುರಿದರೂ ಹೋಗದೆ, ದಿನಾ ಹಾಗೇ ಇದ್ದರೆ ಪ್ರೋಟೀನ್ ಸೋರುತ್ತಿರಬಹುದು. ಜರಡಿ ಹರಿದರೆ ರಾಗಿ ಹಿಟ್ಟಿನ ಜೊತೆ ಹೊಟ್ಟೂ ಇಳಿಯುತ್ತದಲ್ಲ, ಹಾಗೆ. ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಒಂದೂವರೆ, ಎರಡು ಲೀಟರ್ ಮೂತ್ರವಾಗಿ ಹೋಗುತ್ತದೆ, ಉಳಿದದ್ದು ವಾಪಸ್ ರಕ್ತಕ್ಕೆ.

ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಳ್ಳುವುದು ಇನ್ನೊಂದು ಸುಳಿವು. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದಕ್ಕೆ ಶುಗರ್, ಪ್ರಾಸ್ಟೇಟ್ ಕೂಡ ಕಾರಣ ಇರಬಹುದು. ಆದರೂ 'ವಯಸ್ಸಾಯ್ತು' ಅಂತ ಸುಮ್ನೆ ಬಿಡಬೇಡಿ. ಮೂತ್ರ ಕೆಂಪಗೆ ಅಥವಾ ಡಿಕಾಕ್ಷನ್ ಬಣ್ಣಕ್ಕೆ ಬಂದರೆ, ಹಿಂದಿನ ದಿನ ಬೀಟ್‌ರೂಟ್ ತಿಂದಿರಲಿಲ್ಲ ಅಂದ್ರೆ, ಬೇಗ ತೋರಿಸಿ. ಮೂವತ್ತು ದಾಟುವ ಮೊದಲೇ ಬಿಪಿ ಏರಿದರೆ ಕಿಡ್ನಿಯನ್ನೂ ನೋಡಿಸಬೇಕು. ಹಸಿವಿಲ್ಲ, ವಾಕರಿಕೆ, ಮೈಯೆಲ್ಲ ತುರಿಕೆ, ಇವು ಸಾಮಾನ್ಯವಾಗಿ ಕಾಯಿಲೆ ಬಲಿತ ಮೇಲೆ ಬರುವಂಥವು.

ಪರೀಕ್ಷೆ ಎರಡೇ. ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಸ್ನಾಯುವಿನಿಂದ ಬಂದು ಕಿಡ್ನಿ ಹೊರಹಾಕುವ ಕಸ. ಶುಗರ್, ಬಿಪಿ ಇರುವವರು ವರ್ಷಕ್ಕೊಮ್ಮೆ ಎರಡನ್ನೂ ಮಾಡಿಸಿ. ಕ್ರಿಯಾಟಿನಿನ್ 1.2 ಬಂದರೆ ಗರಡಿ ಮನೆ ಹುಡುಗನಿಗೆ ಸರಿಯೇ. 75 ವರ್ಷದ ಸಣಕಲು ಅಜ್ಜಿಗೆ ಅದೇ 1.2 ಜಾಸ್ತಿ. ಹಾಗಾಗಿ ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅಂತಲೂ ಒಂದು ಸಂಖ್ಯೆ ಕೇಳಿ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ಹೇಳುವ ಅಂದಾಜು ಅದು. ಅದು ಮೂರು ತಿಂಗಳಾದರೂ 60ರ ಕೆಳಗೇ ಇದ್ದರೆ ಕಿಡ್ನಿ ಕಾಯಿಲೆ ಅಂತಲೇ ಲೆಕ್ಕ.

ಇನ್ನು ಆ ಸೊಂಟ ನೋವಿನವರು. ಕಿಡ್ನಿ ಹೋಯಿತೇನೋ ಅಂತ ಹೆದರುವ ಅವರಲ್ಲೇ ಎಷ್ಟೋ ಜನ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುತ್ತಾರೆ. ನಿಜವಾಗಿ ಕಿಡ್ನಿ ಕೆಡಿಸುವುದು ಆ ಮಾತ್ರೆ!

ಮೂತ್ರ ಪರೀಕ್ಷೆಗೆ ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ ಒಳ್ಳೆಯದು. ಜ್ವರ ಇದ್ದಾಗ, ಮುಟ್ಟಿನ ದಿನಗಳಲ್ಲಿ ಬೇಡ, ಲೆಕ್ಕ ತಪ್ಪಾಗಿ ಬರಬಹುದು. ಮನೆಯ ಹಳೇ ಟಾನಿಕ್ ಬಾಟಲಿಯಲ್ಲಿ ತರಬೇಡಿ, ಲ್ಯಾಬ್‌ನವರೇ ಡಬ್ಬಿ ಕೊಡುತ್ತಾರೆ.

ನಮಸ್ಕಾರ.