ಮೂರು ಎಳೆ ಕೂದಲು

ಕೇಳುಗರೆ, ನಮಸ್ಕಾರ.

ಕಾಡಿನ ನಡುವೆ, ನದಿಯ ದಂಡೆಯಲ್ಲಿ ಬೀಳ್ಕೊಡುಗೆ ನಡೆಯುತ್ತಿದೆ. ಕಾಡಿನ ಒಡತಿ ಒಬ್ಬೊಬ್ಬರನ್ನೇ ಕರೆದು ಉಡುಗೊರೆ ಕೊಡುತ್ತಿದ್ದಾಳೆ. ಗಡ್ಡದ ಗಿಡ್ಡ ಆಳೊಬ್ಬನ ಸರದಿ ಬಂದಾಗ ಮಾತ್ರ ಅವಳ ಕೈ ತಡೆಯುತ್ತದೆ. ನಿನಗೇನು ಕೊಡಲಿ, ನೀನೇ ಹೇಳು ಎನ್ನುತ್ತಾಳೆ. ಏನೂ ಬೇಡ, ತಮ್ಮನ್ನು ಕಂಡದ್ದೇ ಸಾಕು ಎನ್ನುತ್ತಾನೆ ಅವನು. ಅವಳು ಬಿಡುವುದಿಲ್ಲ. ಕೊನೆಗೆ ಅವನು ತಡವರಿಸುತ್ತಾ ಹೇಳುತ್ತಾನೆ: ತಮ್ಮ ತಲೆಗೂದಲ ಒಂದೇ ಒಂದು ಎಳೆ. ಬೇಡುತ್ತಿಲ್ಲ, ಹೇಳು ಎಂದು ಅಪ್ಪಣೆಯಾದದ್ದರಿಂದ ಹೇಳಿದೆ, ಅಷ್ಟೆ.

ಸುತ್ತ ನಿಂತವರಲ್ಲಿ ಗುಜುಗುಜು. ಒಡತಿಯ ಪಕ್ಕದಲ್ಲೇ ನಿಂತಿದ್ದ ಗಂಡನಿಗೂ ಅಚ್ಚರಿ. ಅವಳು ನಗುತ್ತಾಳೆ, ಜಡೆ ಬಿಚ್ಚುತ್ತಾಳೆ, ಮೂರು ಎಳೆ ಕತ್ತರಿಸಿ ಅವನ ಅಂಗೈಯಲ್ಲಿಡುತ್ತಾಳೆ.

ಇದು ಟೋಲ್ಕಿನ್ ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಪ್ರಸಂಗ. 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆ ಕತೆಯಲ್ಲಿ ಯುದ್ಧಗಳಿಗೇನೂ ಬರವಿಲ್ಲ. ಆದರೂ ಓದಿ ಮುಗಿಸಿದ ಮೇಲೆ ನನ್ನಲ್ಲಿ ಉಳಿದದ್ದು ಈ ಕೂದಲು. ಒಡತಿಯ ಹೆಸರು ಗ್ಯಾಲಡ್ರಿಯಲ್, ಎಲ್ಫ್ ಕುಲದವಳು. ಮುಪ್ಪು ತಟ್ಟದ, ಮರಗಳ ನಡುವೆ ಬಾಳುವ ಜನ ಅವರು. ಬೇಡಿದವನು ಗಿಮ್ಲಿ, ಡ್ವಾರ್ಫ್ ಕುಲದವನು. ಡ್ವಾರ್ಫ್ ಎಂಬುದನ್ನು ಕುಬ್ಜ ಎಂದು ಕನ್ನಡಕ್ಕೆ ತಂದರೆ ಎತ್ತರ ತಿಳಿಯುತ್ತದೆಯೇ ಹೊರತು ಆಸಾಮಿ ತಿಳಿಯುವುದಿಲ್ಲ. ಗಣಿ ಅಗೆಯುವವರು, ಕುಲುಮೆ ಬಲ್ಲವರು, ಕೊಟ್ಟ ಮಾತನ್ನೂ ಕಟ್ಟಿಕೊಂಡ ಹಗೆಯನ್ನೂ ಮರೆಯದವರು.

ಈ ಎರಡು ಕುಲಗಳ ನಡುವಿನ ಜಗಳ ಹಳೆಯದು. ಗಿಮ್ಲಿಯ ತಂದೆಯನ್ನು ಸೆರೆಯಲ್ಲಿಟ್ಟವನು ಎಲ್ಫರ ದೊರೆಯೊಬ್ಬ. ಕೇಡಿನ ಉಂಗುರವೊಂದನ್ನು ನಾಶಮಾಡಲು ಹೊರಟ ತಂಡದಲ್ಲಿ ಆ ದೊರೆಯ ಮಗ ಲೆಗೊಲಾಸ್ ಈಗ ಗಿಮ್ಲಿಯ ಸಹಪ್ರಯಾಣಿಕ. ಪ್ರಯಾಣಕ್ಕೆ ಮುಂಚೆ ನಡೆದ ಸಭೆಯಲ್ಲೇ ಗಿಮ್ಲಿಯ ಮುದಿ ತಂದೆ ಆ ಸೆರೆವಾಸದ ಮಾತೆತ್ತಿ ಕೆಣಕುತ್ತಾನೆ. ಇಬ್ಬರ ಕುಂದುಕೊರತೆಯನ್ನೆಲ್ಲ ಇಲ್ಲಿ ಬಿಚ್ಚುತ್ತಾ ಕುಳಿತರೆ ಸಭೆಯನ್ನೇ ಮುಗಿಸಿಬಿಡೋಣ ಎಂದು ಮಾಂತ್ರಿಕ ಗ್ಯಾಂಡಾಲ್ಫ್ ತಡೆಯಬೇಕಾಗುತ್ತದೆ. ಕಾಡಿನ ಗಡಿಯಲ್ಲಿ ಕಾವಲುಗಾರರು, ಡ್ವಾರ್ಫ್ ಒಳಗೆ ಬರುವುದಾದರೆ ಅವನ ಕಣ್ಣಿಗೆ ಬಟ್ಟೆ ಕಟ್ಟಬೇಕು ಎನ್ನುತ್ತಾರೆ. ಗಿಮ್ಲಿಯ ಕೈ ಕೊಡಲಿಗೆ ಹೋಗುತ್ತದೆ. ಹಾಗಾದರೆ ಎಲ್ಲರ ಕಣ್ಣಿಗೂ ಕಟ್ಟಿ ಎಂದು ತಂಡದ ನಾಯಕ ಪಟ್ಟು ಹಿಡಿದಾಗ, ಲೆಗೊಲಾಸ್ ಒಬ್ಬನ ಕಣ್ಣು ಕಟ್ಟಿದರೂ ನನಗೆ ಸಾಕು ಎನ್ನುತ್ತಾನೆ ಗಿಮ್ಲಿ. ಲೆಗೊಲಾಸ್ ಸಿಡಿಮಿಡಿಗೊಳ್ಳುತ್ತಾನೆ, ಅವನಿಗೆ ಅದು ನೆಂಟರ ಮನೆ.

ಇಂಥ ಗಿಮ್ಲಿ ಹೇಗೆ ಕರಗಿದ? ರೂಪ ನೋಡಿ ಮರುಳಾದ ಎನ್ನುವವರಿದ್ದಾರೆ. ಪುಸ್ತಕ ಹಾಗೆ ಹೇಳುವುದಿಲ್ಲ. ಅವನು ಆಗಷ್ಟೇ ಮೋರಿಯಾದಿಂದ ಹೊರಬಂದಿದ್ದ. ಅದು ಅವನ ಪೂರ್ವಿಕರ ನೆಲದಡಿಯ ನಗರ. ಅಲ್ಲಿ ಅವನು ಕಂಡದ್ದು ಬಂಧುವಿನ ಸಮಾಧಿ. ಅಲ್ಲಿನ ಪಿಡುಗನ್ನು ಕೆದಕಿದವರು ಡ್ವಾರ್ಫರೇ, ಗೊತ್ತಿದ್ದರೆ ನಿನ್ನನ್ನು ಗಡಿ ದಾಟಲು ಬಿಡುತ್ತಿರಲಿಲ್ಲ ಎಂದು ಗ್ಯಾಲಡ್ರಿಯಲ್‌ಳ ಗಂಡ ಕೆಲೆಬೋರ್ನ್ ಮುಖದ ಮೇಲೆ ಹೇಳುತ್ತಾನೆ. ಅವಳು ಗಂಡನನ್ನು ತಿದ್ದುತ್ತಾಳೆ: ನಾವು ಈ ಕಾಡಿನಿಂದ ಬಹುಕಾಲ ದೂರವಾಗಿದ್ದು, ಹತ್ತಿರ ಹಾದುಹೋಗುವಂತಾದರೆ, ಇಲ್ಲಿ ಘಟಸರ್ಪಗಳೇ ಮನೆ ಮಾಡಿದ್ದರೂ ನಮ್ಮಲ್ಲಿ ಯಾರು ತಾನೇ ಇಣುಕಿ ನೋಡದೆ ಹೋಗುತ್ತಿದ್ದರು? ಆಮೇಲೆ ಗಿಮ್ಲಿಯ ಕಡೆಗೆ ತಿರುಗಿ ಅವನ ನಾಡಿನ ಕೊಳ, ತೊರೆ, ಕಂಬಗಳ ಹಜಾರ ಎಷ್ಟು ಚೆಲುವಾಗಿದ್ದವು ಎನ್ನುತ್ತಾಳೆ. ಖೆಲೆದ್‌ಜಾರಾಮ್, ಕಿಬಿಲ್‌ನಾಲಾ, ಖಜಾದ್‌ದೂಮ್. ಹೆಸರುಗಳು ಎಲ್ಫರು ಇಟ್ಟವಲ್ಲ, ಡ್ವಾರ್ಫರ ನುಡಿಯವು. ಆ ಕೊಳದ ನೀರಿಗೆ ಗಿಮ್ಲಿ ಬಗ್ಗಿ ನೋಡಿ ಎರಡೇ ದಿನವಾಗಿತ್ತು.

ಮೋರಿಯಾ ಎಂಬುದು ಎಲ್ಫರು ಇಟ್ಟ ಹೆಸರು, ಕರಾಳ ಕೂಪ ಎಂಬರ್ಥದ್ದು. ತವರನ್ನು ಜಗತ್ತೆಲ್ಲ ಬೈಗುಳದಂಥ ಹೆಸರಿನಿಂದ ಕರೆಯುತ್ತಿರುವಾಗ, ಹಗೆಯ ಕುಲದವಳೊಬ್ಬಳು ಅದರ ಮನೆಯ ಹೆಸರು ಹಿಡಿದು ಮಾತಾಡಿದಳು. ಗಿಮ್ಲಿ ತಲೆಯೆತ್ತಿದ್ದು ಆ ಹೆಸರು ಕೇಳಿ. ಕೂದಲನ್ನು ಏನು ಮಾಡುತ್ತೀಯೆ ಎಂದು ಅವಳು ಕೇಳಿದಾಗಲೂ ಅವನು ಮೊದಲು ನೆನೆಯುವುದು ಮೊದಲ ಭೇಟಿಯಲ್ಲಿ ಅವಳಾಡಿದ ಮಾತನ್ನು. ಎಂದೂ ಒಡೆಯದ ಹರಳಿನಲ್ಲಿ ಅದನ್ನು ಕೂರಿಸುತ್ತೇನೆ, ಬೆಟ್ಟಕ್ಕೂ ಕಾಡಿಗೂ ನಡುವಿನ ಒಲವಿಗೆ ಅದು ಒತ್ತೆ ಎನ್ನುತ್ತಾನೆ. ನಮ್ಮ ಕಾವ್ಯಗಳಲ್ಲಿ ಮುಡಿ ಎಂದ ಕೂಡಲೇ ದ್ರೌಪದಿ ನೆನಪಾಗುತ್ತಾಳೆ, ಅದು ಹಗೆಯ ಒತ್ತೆ. ಇಲ್ಲಿ ಅದು ತಿರುವುಮುರುವು.

ಈ ಕೂದಲಿಗೆ ಇನ್ನೊಂದು ಕತೆಯೂ ಇದೆ. ಟೋಲ್ಕಿನ್ ತೀರಿಕೊಂಡ ಮೇಲೆ ಅವರ ಮಗ ಸಂಪಾದಿಸಿ 1980ರಲ್ಲಿ ಪ್ರಕಟಿಸಿದ ಬರಹಗಳಲ್ಲಿ ಅದು ಬರುತ್ತದೆ. ಎಲ್ಫರಲ್ಲೇ ಮಹಾ ಕುಶಲಿಯಾದ ಫೆಯಾನೋರ್, ವರಸೆಯಲ್ಲಿ ಗ್ಯಾಲಡ್ರಿಯಲ್‌ಗೆ ದೊಡ್ಡಪ್ಪ, ಮೂರು ಸಲ ಅವಳ ಕೂದಲು ಕೇಳಿದ್ದ. ಅವಳು ಒಂದೆಳೆಯನ್ನೂ ಕೊಡಲಿಲ್ಲ.

ಇಂಥ ಆರಾಧನೆಗೆ ಯುರೋಪಿನಲ್ಲಿ ಹಳೆಯ ಪದ್ಧತಿಯಿದೆ. 12ನೇ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನ ಟ್ರೂಬಡೂರ್ ಕವಿಗಳು ಹಾಡುತ್ತಿದ್ದುದು ಹೆಚ್ಚಾಗಿ ಮದುವೆಯಾದ ದೊರೆಸಾನಿಯರನ್ನು. ಪಡೆಯಬೇಕೆಂಬ ಆಸೆಗಿಂತ ಸೇವೆಯೇ ಅಲ್ಲಿ ದೊಡ್ಡದು. ಟೋಲ್ಕಿನ್ ಆಕ್ಸ್‌ಫರ್ಡಿನ ಪ್ರಾಧ್ಯಾಪಕರು, ಆ ಕಾಲದ ಸಾಹಿತ್ಯವನ್ನು ಅರೆದು ಕುಡಿದವರು. ಆದರೆ ಆ ಪದ್ಧತಿಯ ಮೇಲೆ ಅವರಿಗೆ ಪೂರ್ತಿ ನಂಬಿಕೆ ಇರಲಿಲ್ಲ. 1941ರಲ್ಲಿ ಮಗನಿಗೆ ಬರೆದ ಕಾಗದದಲ್ಲಿ, ಹೆಣ್ಣನ್ನು ದಾರಿ ತೋರುವ ನಕ್ಷತ್ರವಾಗಿಸಬೇಡ, ಒಡೆದ ಹಡಗಿನಲ್ಲಿ ಅವಳೂ ನಮ್ಮ ಜೊತೆಗಾರ್ತಿ ಎಂಬರ್ಥದ ಮಾತಿದೆ. ಮನೆ ಕಟ್ಟಿ ಸಂಸಾರ ಮಾಡುವವರಿಗೆ ಅದು ಸರಿ. ಗಿಮ್ಲಿಯದು ಸಂಸಾರದ ಮಾತಲ್ಲ. ದೂರವನ್ನು ದೂರವಾಗಿಯೇ ಇಟ್ಟು ಹತ್ತಿರವಾಗುವ ದಾರಿ ಅದೊಂದೇ ಅವನಿಗೆ ಇದ್ದದ್ದು ಎಂದು ನನಗನಿಸುತ್ತದೆ.

ಆ ಹಳೆಯ ಪದ್ಧತಿಯಲ್ಲಿ ತಮಾಷೆಗೂ ಜಾಗವಿದೆ. ಕುದುರೆ ಸವಾರ ಇಯೊಮೆರ್ ಒಡತಿಯ ಬಗ್ಗೆ ಹಗುರವಾಗಿ ಮಾತಾಡಿದ್ದಕ್ಕೆ ಗಿಮ್ಲಿ ಕೊಡಲಿ ಹಿಡಿದು ನಿಲ್ಲುತ್ತಾನೆ. ನೀನು ಇನ್ನಷ್ಟು ಎತ್ತರವಿದ್ದಿದ್ದರೆ ಗಡ್ಡ ಸಮೇತ ತಲೆ ಹಾರಿಸುತ್ತಿದ್ದೆ ಎನ್ನುತ್ತಾನೆ ಸವಾರ. ಆ ಗಳಿಗೆಯಲ್ಲಿ ಬಾಣ ಹೂಡಿ ಗಿಮ್ಲಿಯ ಪರ ನಿಂತವನು ಯಾರು? ಸೆರೆಯಲ್ಲಿಟ್ಟ ದೊರೆಯ ಮಗ ಲೆಗೊಲಾಸ್.

ಅಲ್ಲಿಂದ ಇವರಿಬ್ಬರ ಗೆಳೆತನ ಬೆಳೆಯುತ್ತದೆ. ಒಂದು ರಾತ್ರಿಯ ಕೋಟೆ ಕಾಳಗದಲ್ಲಿ ವೈರಿ ಪಡೆಯ ಓರ್ಕ್ ಎಂಬ ಕ್ರೂರ ಜೀವಿಗಳನ್ನು ಯಾರು ಎಷ್ಟು ಕೊಂದರೆಂದು ಪಂದ್ಯ. ಲೆಗೊಲಾಸ್ 41, ಗಿಮ್ಲಿ 42. ಓದುವಾಗ ನಗು ಬರುತ್ತದೆ, ಆಮೇಲೆ ಇರುಸುಮುರುಸಾಗುತ್ತದೆ. ಓರ್ಕ್‌ಗಳೂ ಒಂದು ಕುಲವೇ ತಾನೆ? ಅವರ ಊರಿನ ಹೆಸರನ್ನು ಅವರ ನುಡಿಯಲ್ಲಿ ಆದರದಿಂದ ಹೇಳುವ ಬೇರೆ ಕುಲದವರು ಈ ಕಾದಂಬರಿಯಲ್ಲಿ ಯಾರೂ ಇಲ್ಲ. ಇದು ಕತೆಯ ಕೊರತೆ, ನಾನು ಅದನ್ನು ಮುಚ್ಚಿಡಲಾರೆ.

ಕಾಳಗ ಮುಗಿದ ಮೇಲೆ ಗಿಮ್ಲಿ ಆ ಕೋಟೆಯ ಹಿಂದಿನ ಗುಹೆಗಳ ಬಗ್ಗೆ ಮಾತಾಡುತ್ತಾನೆ. ಕಲ್ಲಿನ ಹೂದೋಟ ಅದು, ಅಗೆಯಬಾರದು, ಆರೈಕೆ ಮಾಡಬೇಕು. ಇಡೀ ದಿನ ಅಂಜುತ್ತಂಜುತ್ತಾ ಉಳಿ ಆಡಿಸಿ ಒಂದೇ ಚಕ್ಕೆ ತೆಗೆದರೆ ಸಾಕು ಎನ್ನುತ್ತಾನೆ. ಕಾಡಿನವನಾದ ಲೆಗೊಲಾಸ್‌ಗೆ ಗುಹೆಗಳೆಂದರೆ ಅಷ್ಟಕ್ಕಷ್ಟೆ. ಆದರೂ ಒಪ್ಪಂದವಾಗುತ್ತದೆ: ನೀನು ನನ್ನ ಜೊತೆ ಫ್ಯಾಂಗಾರ್ನ್ ಕಾಡಿಗೆ ಬಾ, ನಾನು ನಿನ್ನ ಗುಹೆಗೆ ಬರುತ್ತೇನೆ. ಯುದ್ಧ ಮುಗಿದ ಮೇಲೆ ಗುಹೆ ನೋಡಿ ಬಂದ ಲೆಗೊಲಾಸ್‌ನ ಬಾಯಿಯಿಂದ ಮಾತೇ ಹೊರಡುವುದಿಲ್ಲ. ಅದನ್ನು ಬಣ್ಣಿಸುವ ಮಾತು ಗಿಮ್ಲಿಗೆ ಮಾತ್ರ ಗೊತ್ತು ಎನ್ನುತ್ತಾನೆ.

ಕಾದಂಬರಿಯ ಅನುಬಂಧದಲ್ಲಿ ಕೊನೆಯ ಸುದ್ದಿ ಸಿಗುತ್ತದೆ. ಗೆಳೆಯನಾಗಿದ್ದ ಅರಸ ತೀರಿಕೊಂಡ ಬಳಿಕ ಲೆಗೊಲಾಸ್ ಒಂದು ಬೂದು ಬಣ್ಣದ ಹಡಗು ಕಟ್ಟಿ, ನದಿಯಗುಂಟ ಇಳಿದು ಕಡಲು ದಾಟಿದ. ಅದು ಎಲ್ಫರು ಹೋಗುವ ದಾರಿ, ಡ್ವಾರ್ಫರಿಗೆ ತೆರೆದದ್ದಲ್ಲ. ಅವನು ಗಿಮ್ಲಿಯನ್ನೂ ಕರೆದುಕೊಂಡು ಹೋದನಂತೆ ಎನ್ನುತ್ತಾನೆ ಬರೆದಿಟ್ಟವನು. ನಿಜವಾಗಿದ್ದರೆ ಸೋಜಿಗವೇ ಸರಿ ಎಂದೂ ಸೇರಿಸುತ್ತಾನೆ. ಒಡತಿಯನ್ನು ಇನ್ನೊಮ್ಮೆ ಕಾಣುವ ಆಸೆಯೂ ಗಿಮ್ಲಿಗೆ ಇತ್ತಂತೆ, ಅವಳೇ ಅಲ್ಲಿನವರಲ್ಲಿ ಕೇಳಿ ಅನುಮತಿ ಕೊಡಿಸಿರಬಹುದು ಎನ್ನುತ್ತಾನೆ. ಇದರ ಬಗ್ಗೆ ಇನ್ನು ಹೆಚ್ಚು ಹೇಳಲಾಗದು ಎಂದು ಅಲ್ಲಿಗೇ ಲೇಖನಿ ಕೆಳಗಿಡುತ್ತಾನೆ.

ನಮಸ್ಕಾರ.